ಎತ್ತಿಟ್ಟ ತಟ್ಟೆ

ಮಧ್ಯಾಹ್ನ 12.30ಕ್ಕೆ ಊಟ ಬಡಿಸುವ ಹೊತ್ತಿಗೆ ಆ ಅಜ್ಜಿ ಮಲಗಿಬಿಟ್ಟಿದ್ದರು. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಆಗಿರಲಿಲ್ಲ, ಎಬ್ಬಿಸೋದು ಬೇಡ ಅಂತ ಅವರನ್ನು ನೋಡಿಕೊಳ್ಳುವ ಹುಡುಗಿ ತಟ್ಟೆಗೆ ಎಲ್ಲ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಮಂಚದ ಪಕ್ಕದ ಸ್ಟೂಲ್ ಮೇಲೆ ಇಟ್ಟಳು. ಅನ್ನ, ಬೇಯಿಸಿದ ತರಕಾರಿ, ಕೋಳಿಯ ನಾಲ್ಕು ಮೆತ್ತನೆ ಚೂರು. ಅಜ್ಜಿ ಎದ್ದಿದ್ದು 4.15ಕ್ಕೆ. ಪಾಪ ಹಸಿದಿರುತ್ತಾರೆ ಅಂತ ಅದನ್ನೇ ತಿನ್ನಿಸಿದಳು. ರಾತ್ರಿ 11ಕ್ಕೆ ಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಬಾಯಿ ಒಣಗಿ, ಕಣ್ಣು ಗುಳಿ ಬಿದ್ದು, ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಡ್ರಿಪ್ ಹಾಕಿದರು. ವಾಪಸ್ಸೇನೋ ಬಂದರು, ಆದರೆ ವಾಕರ್ ಹಿಡಿದು ಊಟದ ಹಾಲ್‌ವರೆಗೂ ತಾವೇ ನಡೆದು ಬರುತ್ತಿದ್ದವರು ಆಮೇಲೆ ಗಾಲಿಕುರ್ಚಿಯಲ್ಲೇ ಬಂದರು.

ಆ ತಟ್ಟೆಯಿಂದಲೇ ಆಗಿದ್ದು ಅಂತ ಯಾರೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲಿಲ್ಲ. ಆದರೆ ಅದೇ ಪಾತ್ರೆಯ ಅಡುಗೆಯನ್ನು 12.30ಕ್ಕೆ ಉಂಡ ಉಳಿದ ನಲವತ್ತು ಮಂದಿಗೆ ಏನೂ ಆಗಲಿಲ್ಲ. ಲೆಕ್ಕ ನೀವೇ ಹಾಕಿ.

ಆಗ ಆ ವೃದ್ಧಾಶ್ರಮದ ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು ನಾನು. ಹುಡುಗಿಗೆ ಬಯ್ಯಲಿಲ್ಲ. ಬಯ್ಯುವುದಾದರೆ ನನಗೆ ನಾನೇ ಬಯ್ದುಕೊಳ್ಳಬೇಕಿತ್ತು, ಯಾಕೆಂದರೆ ಹಾಗೆ ಎತ್ತಿಟ್ಟ ತಟ್ಟೆಗಳನ್ನು ನಾನೂ ದಿನಾ ನೋಡುತ್ತಿದ್ದೆ, ನೋಡಿ "ಎಷ್ಟು ಅಕ್ಕರೆಯಿಂದ ನೋಡಿಕೊಳ್ತಾಳೆ" ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಆರು ವರ್ಷ ಅಲ್ಲಿ ಕೆಲಸ ಮಾಡಿದ ಮೇಲೆ ನನಗೆ ಒಂದು ವಿಷಯ ಮಾತ್ರ ಖಾತ್ರಿಯಾಗಿದೆ. ಇಂಥ ಅಡುಗೆಮನೆಗಳಲ್ಲಿ ಅನಾಹುತ ಆಗೋದು ಗಲೀಜಿನಿಂದ ಕಡಿಮೆ, ಒಳ್ಳೆ ಮನಸ್ಸಿನಿಂದ ಜಾಸ್ತಿ. ಹಸಿದಿರುತ್ತಾರೆ ಅಂತ ಎತ್ತಿಡೋದು. ಅನ್ನ ಚೆಲ್ಲಬಾರದು ಅಂತ ಉಳಿಸಿಕೊಳ್ಳೋದು. ಜ್ವರ ಇದ್ದರೂ ಮಿಕ್ಕವರಿಗೆ ಕಷ್ಟ ಆಗುತ್ತೆ ಅಂತ ಕೆಲಸಕ್ಕೆ ಬರೋದು. ಅಮ್ಮನಿಗೆ ಇಷ್ಟ ಅಂತ ಮನೆಯಿಂದ ಡಬ್ಬಿ ತರೋದು. ಇದರಲ್ಲಿ ಯಾವುದಾದರೂ ಕೆಟ್ಟ ಉದ್ದೇಶ ಕಾಣುತ್ತಾ ಹೇಳಿ?

ನಮಗೂ ನಿಮಗೂ ಆ ತಟ್ಟೆಯಿಂದ ಏನಾಗುತ್ತಿತ್ತು? ಒಂದು ರಾತ್ರಿ ನಾಲ್ಕು ಸಲ ಬಾತ್‌ರೂಮಿಗೆ ಓಡುತ್ತಿದ್ದೆವು, ಮರುದಿನ ಸುಸ್ತು, ಅಷ್ಟೇ. ಎಂಬತ್ತು ದಾಟಿದವರ ಕತೆ ಬೇರೆ. ಹೊಟ್ಟೆಯ ಆಸಿಡ್ ಅನ್ನೋದು ಬಾಗಿಲಲ್ಲಿ ನಿಂತ ಕಾವಲುಗಾರ ಇದ್ದಂಗೆ, ಒಳಗೆ ಬಂದ ಕ್ರಿಮಿಗಳಲ್ಲಿ ಬಹಳಷ್ಟನ್ನು ಅಲ್ಲೇ ಮುಗಿಸುತ್ತದೆ. ವಯಸ್ಸಾದ ಎಷ್ಟೋ ಜನರಲ್ಲಿ ಅದೇ ಕಡಿಮೆ ಆಗಿರುತ್ತದೆ, ಮೇಲಿಂದ ಎದೆಯುರಿಗೆ ಅಂತ ಕೊಡುವ ಗ್ಯಾಸ್ ಮಾತ್ರೆ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ರೋಗ ತಡೆಯುವ ಶಕ್ತಿಯೂ ಕುಂದಿರುತ್ತದೆ. ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಬಿಪಿಗೆ ಅಂತ ನೀರು ಹೊರಹಾಕುವ ಮಾತ್ರೆ ಬೇರೆ ನುಂಗುತ್ತಿರುತ್ತಾರೆ. ಹಾಗಾಗಿ ನಾಲ್ಕು ಸಲ ಭೇದಿಯಾದರೆ ಮೈಯಲ್ಲಿರುವ ನೀರೆಲ್ಲ ಸೋರಿಹೋಗಿ ಕಿಡ್ನಿಗೇ ಪೆಟ್ಟು ಬೀಳುತ್ತದೆ. ಇನ್ನು ಮೂಗು, ನಾಲಿಗೆ. ಹಾಲು ಹುಳಿಯಾಗಿದೆ ಅಂತ ನಾವು ಮೂಸಿಯೇ ಹೇಳುತ್ತೇವೆ, ಅವರಿಗೆ ಕುಡಿದರೂ ತಿಳಿಯುವುದಿಲ್ಲ. ಮರೆವಿನ ಕಾಯಿಲೆ ಇದ್ದವರಂತೂ ಹೊಟ್ಟೆನೋವು ಅಂತ ಬಾಯಿಬಿಟ್ಟು ಹೇಳೋದೂ ಇಲ್ಲ. ಸುಮ್ನೆ ಮಂಕಾಗುತ್ತಾರೆ, ತಟ್ಟೆ ತಳ್ಳುತ್ತಾರೆ. "ಇವತ್ತು ಯಾಕೋ ಹಠ ಮಾಡ್ತಿದ್ದಾರೆ" ಅಂತ ನಾವು ಬರೆದುಕೊಳ್ಳುತ್ತೇವೆ.

ಅಪ್ಪನನ್ನೋ ಅಮ್ಮನನ್ನೋ ಸೇರಿಸಲು ಜಾಗ ನೋಡೋಕೆ ಬರುವವರು ಅಡುಗೆಮನೆಗೆ ಬಂದರೆ ಮೊದಲು ನೋಡೋದು ನೆಲ. ಎಲ್ಲರೂ. ನೆಲ ಹೊಳೀತಿದೆಯಾ, ಗೋಡೆ ಟೈಲ್ಸ್ ಬಿಳಿ ಇದೆಯಾ, ಅಡುಗೆಯವರು ಟೋಪಿ ಹಾಕಿದ್ದಾರಾ. ನೆಲ ಹೊಳೆಯೋದು ಒಳ್ಳೆಯದೇ, ಜಾರಿ ಬೀಳಬಾರದು ಅಷ್ಟೇ. ಆದರೆ ನೆಲವನ್ನು ಯಾರೂ ತಿನ್ನೋದಿಲ್ಲ ಅಲ್ವಾ. ಅದೇ ಹೊಳೆಯುವ ನೆಲದ ಮೇಲೆ ನಿಂತ ಒಂದು ದೊಡ್ಡ ಪಾತ್ರೆ ಸೂಪ್ ನಿಧಾನಕ್ಕೆ ಆರುತ್ತಿರುತ್ತದೆ, ಅದನ್ನು ಯಾರೂ ನೋಡೋದಿಲ್ಲ.

ಆ ಪಾತ್ರೆಯ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳಬೇಕು. ನಾನು ಸೇರಿದ ಹೊಸದರಲ್ಲಿ ಅಲ್ಲೊಂದು ಪದ್ಧತಿ ಇತ್ತು. ಮರುದಿನದ ಸೂಪನ್ನು ರಾತ್ರಿಯೇ ಮಾಡಿ, ಒಲೆಯಿಂದ ಇಳಿಸಿ, ಸ್ವಲ್ಪ ಆರಲಿ ಅಂತ ಬಿಟ್ಟು, ಪಾತ್ರೆ ಸಮೇತ ಫ್ರಿಜ್ ಕೋಣೆಗೆ ತಳ್ಳೋದು. ನಲವತ್ತು ಲೀಟರ್ ಪಾತ್ರೆ. ಮುಚ್ಚಳ ಗಟ್ಟಿ. ಬೆಳಿಗ್ಗೆ ತೆಗೆದು ಬಿಸಿ ಮಾಡಿ ಕೊಡೋದು. ಫ್ರಿಜ್‌ನಲ್ಲಿತ್ತಲ್ಲ, ಏನಾಗುತ್ತೆ? ನನಗೂ ಹಾಗೇ ಅನಿಸಿತ್ತು. ಒಂದು ದಿನ ಕುತೂಹಲಕ್ಕೆ ಬೆಳಿಗ್ಗೆ 6ಕ್ಕೆ ಹೋಗಿ ಮುಚ್ಚಳ ತೆಗೆದೆ. ಪಾತ್ರೆಯ ಹೊರಗೆ ಕೈ ಇಟ್ಟರೆ ತಣ್ಣಗೆ. ಉದ್ದನೆ ಥರ್ಮಾಮೀಟರನ್ನು ನಡುಮಧ್ಯಕ್ಕೆ ಇಳಿಸಿದೆ. 36 ಡಿಗ್ರಿ. ನಮ್ಮ ಮೈಯ ಶಾಖ! ಒಂಬತ್ತು ಗಂಟೆ ಕಾಲ ಆ ಸೂಪಿನ ಹೊಟ್ಟೆ ಬೆಚ್ಚಗೆ ಕೂತಿತ್ತು.

ಇಂಥ ಕಡೆ ಬೆಳೆಯೋಕೆಂದೇ ಹುಟ್ಟಿದಂತಿರುವ ಒಂದು ಬ್ಯಾಕ್ಟೀರಿಯಾ ಇದೆ, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ. ಹೆಸರು ನೆನಪಿಡೋದು ಬೇಡ, ಗುಣ ನೆನಪಿಡಿ. ಕುದಿಸಿದರೆ ಸಾಯುತ್ತದೆ, ಆದರೆ ಅದರ ಬೀಜಕಣಗಳು ಸಾಯೋದಿಲ್ಲ. ಬೇರೆ ಕ್ರಿಮಿಗಳೆಲ್ಲ ಸತ್ತ ಮೇಲೆ ಖಾಲಿ ಮನೆಯಲ್ಲಿ ಇವು ಎದ್ದು ಕೂರುತ್ತವೆ. ಗಾಳಿ ಆಡದ ಜಾಗ ಇಷ್ಟ, ಅಂದರೆ ಆಳದ ಪಾತ್ರೆಯ ನಡುಭಾಗ. 43ರಿಂದ 45 ಡಿಗ್ರಿಯಲ್ಲಿ ಅನುಕೂಲವಾಗಿದ್ದರೆ ಹತ್ತು ನಿಮಿಷಕ್ಕೂ ಮೊದಲೇ ಒಂದು ಎರಡಾಗುತ್ತದೆ. ಎರಡು ನಾಲ್ಕಾಗುತ್ತದೆ. ಮೂರು ಗಂಟೆಯಲ್ಲಿ ಎಷ್ಟಾಗುತ್ತೆ ಅಂತ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿ, ಸೂಪ್ ಮೇಲಿನ ಆಸೆಯೇ ಹೋಗುತ್ತದೆ. ತಿಂದು ಆರು ಗಂಟೆಯಿಂದ ಒಂದು ದಿನದ ಒಳಗೆ ಹೊಟ್ಟೆ ಹಿಡಿದುಕೊಂಡು ಭೇದಿ. ದೊಡ್ಡ ಪಾತ್ರೆಯಲ್ಲಿ ಬೇಯಿಸಿ ನೂರಾರು ಜನಕ್ಕೆ ಬಡಿಸುವ ಎಲ್ಲ ಕಡೆ ಇದರದ್ದೇ ಕಾಟ.

ಪರಿಹಾರ ಎಷ್ಟು ಸುಲಭ ಅಂದರೆ ಹೇಳೋಕೆ ನಾಚಿಕೆ ಆಗುತ್ತೆ. ಅಗಲವಾದ ಟ್ರೇಗಳಿಗೆ ಎರಡು ಇಂಚಿನಷ್ಟು ಮಾತ್ರ ಸುರಿಯಬೇಕು. ಐಸ್ ನೀರಿನಲ್ಲಿ ಟ್ರೇ ಇಟ್ಟು ಕೈಯಾಡಿಸಬೇಕು. 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯಲ್ಲಿ ಇಳಿಯಬೇಕು, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯಲ್ಲಿ. ಅಮೆರಿಕದ ಆಹಾರ ಸಂಹಿತೆ ಹೇಳೋದು ಇದನ್ನೇ. ಮೊದಲ ಎರಡು ಗಂಟೆಯೇ ಮುಖ್ಯ, ಕ್ರಿಮಿ ಓಡುವುದು ಆ ಶಾಖದಲ್ಲೇ. ಟ್ರೇಗೆ ಸುರಿಯುವ ಪದ್ಧತಿ ತಂದಾಗ ಅಡುಗೆಯವರು ಒಂದು ವಾರ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ತೊಳೆಯುವ ಪಾತ್ರೆ ಜಾಸ್ತಿ ಆಯಿತಲ್ಲ. ನ್ಯಾಯವೇ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 5ರಿಂದ 60 ಡಿಗ್ರಿ ಅಪಾಯದ ಜಾಗ. ಅಡುಗೆಯಾದ ಮೇಲೆ ಒಂದೋ 60ರ ಮೇಲೆ ಬಿಸಿ ಇರಬೇಕು, ಇಲ್ಲ 5ರ ಕೆಳಗೆ ತಣ್ಣಗಿರಬೇಕು, ನಡುವೆ ಎರಡು ಗಂಟೆಗಿಂತ ಜಾಸ್ತಿ ಬಿಡಬಾರದು. ಅಜ್ಜಿಯ ತಟ್ಟೆ ಆ ನಡುವೆ ಮೂರೂ ಮುಕ್ಕಾಲು ಗಂಟೆ ಕೂತಿತ್ತು. ಅದರಲ್ಲಿ ಅನ್ನ ಬೇರೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ್ದು ಇನ್ನೊಂದು ತರಲೆ. ಅದು ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಚೆನ್ನಾಗಿ ಕುದಿಸಿಬಿಟ್ಟರೆ ಆಯ್ತು" ಅನ್ನೋ ಮಾತನ್ನು ಹಾಗಾಗಿ ನಾನು ನಂಬುವುದು ಬಿಟ್ಟಿದ್ದೇನೆ. ಕುದಿಸುವುದು ಬೇಕು, ಆದರೆ ಮೊದಲೇ ಆದ ತಪ್ಪನ್ನು ಅದು ಅಳಿಸುವುದಿಲ್ಲ.

ಸ್ವಲ್ಪ ಹಳೇ ಕತೆ ಹೇಳುತ್ತೇನೆ, ಕೆಲಸಕ್ಕೆ ಹೊಸದಾಗಿ ಬಂದ ಎಲ್ಲರಿಗೂ ನಾನು ಹೇಳುತ್ತಿದ್ದ ಎರಡು ಕತೆ. 1984ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್‌ನಲ್ಲಿ ಸ್ಟ್ಯಾನ್ಲಿ ರಾಯ್ಡ್ ಅನ್ನುವ ಮಾನಸಿಕ ಆಸ್ಪತ್ರೆ, ಅಲ್ಲಿದ್ದವರಲ್ಲಿ ಎಷ್ಟೋ ಮಂದಿ ವಯಸ್ಸಾದವರು. ಬೇಯಿಸಿದ ಗೋಮಾಂಸ ಗಂಟೆಗಟ್ಟಲೆ ಫ್ರಿಜ್ ಹೊರಗೇ ಉಳಿದು, ಆಮೇಲೆ ತಣ್ಣಗೆ ಹೋಳು ಮಾಡಿ ಬಡಿಸಿದರು. ಅದರಲ್ಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ. 350ಕ್ಕೂ ಹೆಚ್ಚು ರೋಗಿಗಳು ಮಲಗಿದರು, 19 ಜನ ತೀರಿಕೊಂಡರು. ಆವರೆಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ಅಡುಗೆಮನೆ ಮೇಲೆ ಆಹಾರ ಕಾನೂನಿನಡಿ ಕೇಸ್ ಹಾಕೋಕೇ ಆಗುತ್ತಿರಲಿಲ್ಲ. ಬೀದಿ ಬದಿಯ ಹೋಟೆಲ್‌ಗೆ ಇದ್ದ ಭಯ ಆಸ್ಪತ್ರೆಗೆ ಇರಲಿಲ್ಲ. ಈ ಸಾವುಗಳ ಮೇಲೆ ವಿಚಾರಣೆ ನಡೆದು 1986ರಲ್ಲಿ ಆ ರಕ್ಷಣೆಯನ್ನು ಕಾನೂನು ಮಾಡಿಯೇ ತೆಗೆದುಹಾಕಿದರು.

ಇನ್ನೊಂದು, ಅದರ ಮರುವರ್ಷ, 1985ರ ಸೆಪ್ಟೆಂಬರ್. ಕೆನಡಾದ ಆಂಟಾರಿಯೋ ಪ್ರಾಂತ್ಯದ ಒಂದು ವೃದ್ಧಾಶ್ರಮ. ಅಲ್ಲಿದ್ದ 169 ಜನರಲ್ಲಿ 55 ಮಂದಿಗೆ ಇ. ಕೋಲಿ ಒ157 ಅನ್ನೋ ಬ್ಯಾಕ್ಟೀರಿಯಾ ತಗುಲಿ 19 ಜನ ಸತ್ತರು. ಶುರುವಾಗಿದ್ದು ಸ್ಯಾಂಡ್‌ವಿಚ್‌ನಿಂದ ಅಂತ ತನಿಖೆಯಲ್ಲಿ ಕಂಡುಬಂತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ, ಎರಡನೇ ಅಲೆ ಬಂತು, ಅದು ಊಟದಿಂದಲ್ಲ, ಒಬ್ಬರಿಂದ ಒಬ್ಬರಿಗೆ. ನನಗೆ ಈ ಕತೆಯಲ್ಲಿ ತಟ್ಟಿದ್ದು ಇದೇ. ಅಡುಗೆಮನೆಯ ತಪ್ಪು ಅಡುಗೆಮನೆಯಲ್ಲೇ ಉಳಿಯುವುದಿಲ್ಲ. ಬಟ್ಟೆ ಬದಲಿಸುವ ಕೈಗೆ, ತುತ್ತು ತಿನ್ನಿಸುವ ಕೈಗೆ, ಅಲ್ಲಿಂದ ಪಕ್ಕದ ಮಂಚಕ್ಕೆ ಹೋಗುತ್ತದೆ.

ನಮ್ಮಲ್ಲಿ ರಿಜಿಸ್ಟರ್ ಇರಲಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗೇ ಇತ್ತು. ಫ್ರಿಜ್ ಶಾಖ ದಿನಕ್ಕೆ ಎರಡು ಸಲ, ಬಡಿಸುವ ಮುಂಚೆ ಅಡುಗೆಯ ಶಾಖ, ಎಲ್ಲದಕ್ಕೂ ಕಾಲಂ. ತೆಗೆದು ನೋಡಿದರೆ 4, 4, 4, 4. ಅಡುಗೆಗೆ 75, 75, 75. ತಿಂಗಳು ಪೂರ್ತಿ ಒಂದೇ ಪೆನ್ನು, ಒಂದೇ ಕೈಬರಹ, ರಜೆ ಇದ್ದ ದಿನವೂ ಅದೇ ಸಹಿ. ತಿಂಗಳ ಕೊನೆಗೆ ಕೂತು ಒಂದೇ ಸಲಕ್ಕೆ ಬರೆದಿದ್ದು. ಥರ್ಮಾಮೀಟರ್ ಎಲ್ಲಪ್ಪಾ ಅಂತ ಕೇಳಿದರೆ ಡ್ರಾಯರ್‌ನಲ್ಲಿ ಕವರ್ ಒಳಗೇ ಇತ್ತು, ಬ್ಯಾಟರಿಗೆ ಹಾಕಿದ್ದ ಪ್ಲಾಸ್ಟಿಕ್ ಚೀಟಿಯನ್ನೂ ಎಳೆದಿರಲಿಲ್ಲ. ನಿಜವಾದ ಫ್ರಿಜ್ ದಿನಾ 4 ತೋರಿಸುವುದಿಲ್ಲ ಸ್ವಾಮಿ. ಸಾಮಾನು ತುಂಬಿದ ದಿನ 7 ಇರುತ್ತೆ, ಬೆಳಗಿನ ಜಾವ 3 ಇರುತ್ತೆ. ರಿಜಿಸ್ಟರ್‌ನಲ್ಲಿ ಒಂದೂ ಕೆಟ್ಟ ಅಂಕಿ ಇಲ್ಲ ಅಂದರೆ ಯಾರೂ ನೋಡಿಲ್ಲ ಅಂತಲೇ ಅರ್ಥ. ಆಮೇಲೆ ನಾನೊಂದು ಮಾತು ಹೇಳಿದೆ, ಕೆಟ್ಟ ಅಂಕಿ ಬರೆದವರಿಗೆ ಬಯ್ಯೋದಿಲ್ಲ, ಅದಕ್ಕೆ ಏನು ಮಾಡಿದಿರಿ ಅಂತ ಪಕ್ಕದಲ್ಲಿ ಬರೆಯಿರಿ ಸಾಕು. "ಸೂಪ್ 54, ಮತ್ತೆ ಒಲೆಗೆ ಇಟ್ಟೆ, 78 ಆಯ್ತು." ಈ ಒಂದು ಸಾಲು ಬಂದ ದಿನ ನನಗೆ ಹಬ್ಬ.

ಥರ್ಮಾಮೀಟರ್ ಸರಿ ಇದೆಯಾ ಅಂತ ನೋಡೋಕೆ ಯಾರನ್ನೂ ಕರೆಸಬೇಕಿಲ್ಲ. ಲೋಟದ ತುಂಬ ಐಸ್ ಚೂರು, ಮೇಲೆ ಸ್ವಲ್ಪ ನೀರು, ಕಲಕಿ ಕಡ್ಡಿ ಅದ್ದಿ. ಸೊನ್ನೆ ಬರಬೇಕು. ಬರಲಿಲ್ಲ ಅಂದರೆ ಸರಿಮಾಡಿಸಿ, ಇಲ್ಲ ಎಸೆಯಿರಿ.

ಇನ್ನು ಮಿಕ್ಸಿ. ಇದರ ಬಗ್ಗೆ ಬೇರೆ ಹೋಟೆಲ್ ಅಡುಗೆಮನೆಯವರು ತಲೆ ಕೆಡಿಸಿಕೊಳ್ಳುವುದಿಲ್ಲ, ವೃದ್ಧಾಶ್ರಮದಲ್ಲಿ ಕೆಡಿಸಿಕೊಳ್ಳಲೇಬೇಕು. ಲಕ್ವ ಹೊಡೆದವರು, ಪಾರ್ಕಿನ್ಸನ್ ಇರುವವರು, ಮರೆವು ಬಹಳ ಮುಂದುವರಿದವರು, ಇವರಲ್ಲಿ ಎಷ್ಟೋ ಜನಕ್ಕೆ ನುಂಗೋದೇ ಕಷ್ಟ. ಅವರಿಗೆ ಎಲ್ಲವನ್ನೂ ನುಣ್ಣಗೆ ರುಬ್ಬಿ ಕೊಡಬೇಕು. ಎಷ್ಟು ನುಣ್ಣಗೆ, ಎಷ್ಟು ಗಟ್ಟಿ ಅನ್ನೋದಕ್ಕೆ ಐಡಿಡಿಎಸ್‌ಐ ಅನ್ನೋ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಸೊನ್ನೆಯಿಂದ ಏಳರವರೆಗೆ ಮಟ್ಟ ಮಾಡಿಟ್ಟಿದ್ದಾರೆ, ಚೆನ್ನಾಗಿದೆ ಅದು. ಆದರೆ ರುಬ್ಬಿದ ಊಟ ಅಂದರೆ ಏನು? ಬೆಂದ ಅಡುಗೆಯನ್ನು ತೆಗೆದು, ಇನ್ನೊಂದು ಪಾತ್ರೆಗೆ ಹಾಕಿ, ಬ್ಲೇಡ್ ಮುಟ್ಟಿಸಿ, ಚಮಚದಿಂದ ಕೆರೆದು, ಮತ್ತೊಂದು ಬಟ್ಟಲಿಗೆ ಸುರಿಯೋದು. ಪ್ರತಿ ಹೆಜ್ಜೆಗೂ ಶಾಖ ಇಳಿಯುತ್ತದೆ, ಪ್ರತಿ ಹೆಜ್ಜೆಗೂ ಒಂದು ಹೊಸ ಪಾತ್ರೆ ತಾಗುತ್ತದೆ. ಮನೆಯಲ್ಲೇ ಎಲ್ಲರಿಗಿಂತ ಬಡಕಲು ಜೀವಕ್ಕೆ ಎಲ್ಲರಿಗಿಂತ ಹೆಚ್ಚು ಕೈ ಬದಲಾದ ಊಟ.

ಒಂದು ದಿನ ಜಾರ್ ತೊಳೆದಿಟ್ಟಿದ್ದನ್ನು ಕೈಗೆ ತಗೊಂಡೆ. ಪಳಪಳ. ಮೂಸಿದೆ, ಏನೋ ಹುಳಿ ವಾಸನೆ. ಬ್ಲೇಡನ್ನು ತಿರುಗಿಸಿ ಬಿಚ್ಚಿ, ಕೆಳಗಿನ ರಬ್ಬರ್ ವಾಷರನ್ನು ಉಗುರಿನಿಂದ ಎಬ್ಬಿಸಿದೆ. ವಾಷರ್ ಕೆಳಗೆ ಬೂದು ಬಣ್ಣದ ಲೋಳೆ, ನಡುವೆ ಕ್ಯಾರೆಟ್ ನಾರು. ಹಿಂದಿನ ಕ್ಯಾರೆಟ್ ಯಾವತ್ತು ರುಬ್ಬಿದ್ದು ಅಂತ ಕೇಳಿದೆ. ನಾಲ್ಕು ದಿನ ಆಗಿತ್ತು. ಪಾತ್ರೆ ತೊಳೆಯುವ ಅಕ್ಕ ಪ್ರಾಮಾಣಿಕವಾಗಿ ಹೇಳಿದರು, "ಅದು ಬಿಚ್ಚುತ್ತೆ ಅಂತ ನಂಗೆ ಯಾರೂ ಹೇಳೇ ಇಲ್ಲಮ್ಮ." ಹೌದು, ಯಾರೂ ಹೇಳಿರಲಿಲ್ಲ. ಅವರಿಗೆ ಕೆಲಸ ಕೊಟ್ಟ ದಿನ ತೋರಿಸಿದ್ದು ಸಿಂಕ್ ಎಲ್ಲಿದೆ, ಸೋಪ್ ಎಲ್ಲಿದೆ ಅಂತ ಮಾತ್ರ. ಆವತ್ತಿನಿಂದ ಪ್ರತಿ ಸಲ ರುಬ್ಬಿದ ಮೇಲೆ ಪೂರ್ತಿ ಬಿಚ್ಚಿ ತೊಳೆಯುವುದು, ರುಬ್ಬಿದ ಊಟವನ್ನು ಮತ್ತೆ 75 ಡಿಗ್ರಿಗೆ ಬಿಸಿ ಮಾಡಿ, ತಿನ್ನೋ ಹದಕ್ಕೆ ಬಂದ ಮೇಲೆ ಕೊಡುವುದು ಅಂತಾಯಿತು.

ಮೂಗಿಗೆ ಹಾಕಿದ ಟ್ಯೂಬಿನಲ್ಲಿ ಊಟ ಹೋಗುವವರದ್ದು ಇನ್ನೂ ಸೂಕ್ಷ್ಮ. ಪುಡಿ ಕಲಸಿ ಮಾಡಿದ್ದನ್ನು ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ತೂಗುಹಾಕಬಾರದು. ಪುಡಿ ಡಬ್ಬಿಯಲ್ಲಿ ಬಂದಿದೆ ಅಂದಮಾತ್ರಕ್ಕೆ ಅದರಲ್ಲಿ ಕ್ರಿಮಿಯೇ ಇಲ್ಲ ಅಂತ ಅಲ್ಲ.

ಮಸಿಬಟ್ಟೆಯ ಬಗ್ಗೆ ಬರೆದರೆ ಅದೇ ಒಂದು ಪುಸ್ತಕ ಆಗುತ್ತೆ. ಚಿಕ್ಕದಾಗಿ ಹೇಳುತ್ತೇನೆ. ಒಂದೇ ಒದ್ದೆ ಬಟ್ಟೆ ಒಲೆಕಟ್ಟೆ ಒರೆಸಿ, ಹಸಿ ಮಾಂಸ ಕತ್ತರಿಸಿದ ಹಲಗೆ ಒರೆಸಿ, ಕೈ ಒರೆಸಿ, ಕೊನೆಗೆ ತಟ್ಟೆಯ ಅಂಚಿಗೆ ಚೆಲ್ಲಿದ್ದನ್ನು ಒರೆಸುತ್ತದೆ. ತಟ್ಟೆ ಚೆಂದ ಕಾಣಲಿ ಅಂತ! ತೊಳೆದ ಪಾತ್ರೆಗೂ ಅಷ್ಟೇ, ಬಟ್ಟೆಯಲ್ಲಿ ಒರೆಸಬೇಡಿ, ಬೋರಲು ಹಾಕಿ ಗಾಳಿಗೆ ಒಣಗಲು ಬಿಡಿ. ಬ್ಲೀಚ್ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನೋ ನಂಬಿಕೆ ಇನ್ನೊಂದು. ಮೊದಲು ಸೋಪಿನಲ್ಲಿ ಜಿಡ್ಡು ಹೋಗಬೇಕು, ಜಿಡ್ಡಿನ ಮೇಲೆ ಬ್ಲೀಚ್ ಸುರಿದರೆ ಬ್ಲೀಚೇ ದಂಡ. ಆಮೇಲೆ ಶೇಕಡಾ 5ರ ಬ್ಲೀಚ್ ಆದರೆ ಎರಡೂವರೆ ಲೀಟರ್ ನೀರಿಗೆ 5 ಮಿಲೀ ಸಾಕು, 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ ನೂರು ಭಾಗ ಆಗುತ್ತೆ, ಪಾತ್ರೆಗೆ, ಹಲಗೆಗೆ ಅಷ್ಟು ಧಾರಾಳ.

ಈಗ ನನಗೆ ಸಿಟ್ಟು ಬರುವ ವಿಷಯ.

ನಮ್ಮಲ್ಲಿ ಒಬ್ಬ ಅಡುಗೆಯವನಿದ್ದ. ಕೈ ತುಂಬ ಚೊಕ್ಕ, ರುಚಿಯೂ ಹಾಗೇ. ಒಂದು ಬೆಳಿಗ್ಗೆ ಮುಖ ಬಾಡಿತ್ತು. ಏನಾಯ್ತಪ್ಪಾ ಅಂದರೆ ಏನಿಲ್ಲ ಮೇಡಂ ಅಂದ. ಮಧ್ಯಾಹ್ನ ಎರಡು ಸಲ ಹಿಂದುಗಡೆ ಹೋಗಿ ವಾಂತಿ ಮಾಡಿ ಬಂದಿದ್ದನ್ನು ಇನ್ನೊಬ್ಬರು ನೋಡಿ ನನಗೆ ಹೇಳಿದರು. ಮನೆಗೆ ಹೋಗು ಅಂದೆ. ಹೋಗಲಿಲ್ಲ. ಯಾಕೆ? ರಜೆ ಹಾಕಿದರೆ ಆ ದಿನದ ಸಂಬಳ ಕಟ್. ತಿಂಗಳಲ್ಲಿ ಎರಡನೇ ಸಲ ಆದರೆ ಅದರ ಮೇಲೊಂದು ದಂಡ. ಆಡಳಿತದವರ ನಿಯಮ. ಅದರ ಜೊತೆಗೆ ಅವನದೇ ಒಂದು ಮರ್ಯಾದೆಯ ಲೆಕ್ಕ, ನಾನು ಹೋದರೆ ಅಜ್ಜಿ ತಾತಂದಿರ ಊಟ ಯಾರು ಮಾಡ್ತಾರೆ ಅಂತ. ಮೂರು ದಿನದಲ್ಲಿ ಹನ್ನೊಂದು ಜನಕ್ಕೆ ವಾಂತಿ ಭೇದಿ. ಇಬ್ಬರು ಆಸ್ಪತ್ರೆಗೆ. ನೊರೊವೈರಸ್ ಅಂತ ಡಾಕ್ಟರ್ ಹೇಳಿದರು. ಹದಿನೆಂಟು ಕಣ ಒಳಗೆ ಹೋದರೂ ರೋಗ ಬರಿಸಬಲ್ಲ ವೈರಸ್ ಅದು. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರಿನಲ್ಲಿ ಉಜ್ಜಿ ತೊಳೆದರೇ ಹೋಗೋದು. ವಾಂತಿಯಾದ ಜಾಗಕ್ಕೆ ಪಾತ್ರೆಗೆ ಹಾಕುವ ಬ್ಲೀಚಿನ ಹತ್ತು ಪಟ್ಟು ಬೇಕು, ಕೆಲವು ಸಲ ಇನ್ನೂ ಜಾಸ್ತಿ. ವಾಂತಿ ಭೇದಿ ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಕಾಲಿಡಬಾರದು.

ಆಡಳಿತದವರು ಏನು ಮಾಡಿದರು ಗೊತ್ತಾ? ಎಲ್ಲರಿಗೂ ಹೊಸ ಟೋಪಿ, ಹೊಸ ಗ್ಲೌಸ್ ತರಿಸಿದರು. ಗೋಡೆಗೆ ಕೈ ತೊಳೆಯುವ ಚಿತ್ರ ಅಂಟಿಸಿದರು. ಸಂಬಳ ಕಟ್ ಮಾಡುವ ನಿಯಮ ಹಾಗೇ ಉಳಿಯಿತು. ನಾನು ಎರಡು ಸಲ ಬರೆದುಕೊಟ್ಟೆ. ಎರಡು ದಿನದ ಸಂಬಳ ಎಷ್ಟು, ಹನ್ನೊಂದು ಜನರ ಆಸ್ಪತ್ರೆ, ಔಷಧಿ, ಬಟ್ಟೆ ಒಗೆಯುವ ಖರ್ಚು ಎಷ್ಟು ಅಂತ ಪಕ್ಕಪಕ್ಕ ಹಾಕಿ ತೋರಿಸಿದೆ. "ನೋಡೋಣ" ಅಂದರು. ಇನ್ನೂ ನೋಡುತ್ತಲೇ ಇದ್ದಾರೆ ಅನಿಸುತ್ತೆ. ಗ್ಲೌಸ್ ವಿಷಯಕ್ಕೆ ಬಂದರೆ, ಅದೇ ಗ್ಲೌಸ್ ಹಾಕಿಕೊಂಡು ಹಸಿ ಕೋಳಿ ಮುಟ್ಟಿ, ಫ್ರಿಜ್ ಬಾಗಿಲು ತೆಗೆದು, ಮೂಗು ಒರೆಸಿಕೊಂಡು ಬ್ರೆಡ್ ಮುಟ್ಟಿದರೆ ಬರಿಗೈಯೇ ವಾಸಿ. ಬರಿಗೈ ಅಂಟಂಟು ಅನಿಸಿದಾಗ ತೊಳೆಯೋ ಮನಸ್ಸಾದರೂ ಬರುತ್ತೆ.

ಫ್ರಿಜ್ ಒಳಗೆ ಇಟ್ಟರೆ ಎಲ್ಲ ನಿಂತುಹೋಗುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಫ್ರಿಜ್ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. ಬೇಯಿಸದೆ ಹಾಗೇ ತಿನ್ನುವ ತಣ್ಣನೆ ಮಾಂಸದ ಹೋಳು, ಮೆತ್ತನೆ ಚೀಸ್, ಕತ್ತರಿಸಿಟ್ಟ ಹಣ್ಣು, ಮೊಳಕೆ ಕಾಳು, ಇವು ಅದಕ್ಕೆ ಇಷ್ಟ. ತಿಂದು ರೋಗ ಕಾಣಿಸಿಕೊಳ್ಳಲು ಎಪ್ಪತ್ತು ದಿನದವರೆಗೂ ಹಿಡಿಯಬಹುದು, ಎರಡು ತಿಂಗಳ ಹಿಂದೆ ಏನು ತಿಂದಿದ್ದಿರಿ ಅಂತ ಯಾರಿಗೆ ನೆನಪಿರುತ್ತೆ? ಮೈಯೊಳಗೆ ಹರಡಿದರೆ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಜನ ಉಳಿಯುವುದಿಲ್ಲ. 2017, 2018ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಂಸ್ಕರಿಸಿದ ಮಾಂಸದಿಂದ ಸಾವಿರಕ್ಕೂ ಹೆಚ್ಚು ಜನಕ್ಕೆ ಬಂದು 200ಕ್ಕೂ ಹೆಚ್ಚು ಮಂದಿ ಸತ್ತಿದ್ದು ಇದರಿಂದಲೇ. ಹಾಗಾಗಿ ಫ್ರಿಜ್‌ನಲ್ಲಿರುವ ಪ್ರತಿ ಡಬ್ಬಿಯ ಮೇಲೂ ತಾರೀಕು ಇರಬೇಕು. ತಾರೀಕು ಇಲ್ಲದ ಡಬ್ಬಿ ಯಾರದ್ದು ಅಂತ ಕೇಳೋದೇ ಬೇಡ, ಕಸಕ್ಕೆ. ಹಸಿ ಮಾಂಸ ಯಾವಾಗಲೂ ಕೆಳಗಿನ ಅರೆಯಲ್ಲಿ, ಮೇಲಿಟ್ಟರೆ ತೊಟ್ಟಿಕ್ಕುತ್ತೆ.

ಅಡುಗೆಮನೆಯಿಂದ ಆಚೆ ಹೋದರೆ ಇನ್ನೊಂದು ಲೋಕ ಇದೆ, ಮಂಚದ ಪಕ್ಕದ ಡ್ರಾಯರ್. ಒಂದು ಸಲ ಒಬ್ಬ ತಾತನ ಡ್ರಾಯರ್ ತೆಗೆದೆ. ಕರವಸ್ತ್ರದಲ್ಲಿ ಸುತ್ತಿದ ಬೇಯಿಸಿದ ಮೊಟ್ಟೆ, ಅರ್ಧ ಬಾಳೆಹಣ್ಣು, ಕಸ್ಟರ್ಡ್ ಇದ್ದ ಪುಟ್ಟ ಬಟ್ಟಲು. ಮಗ ಬಂದಾಗ ಕೊಡೋಕೆ ಇಟ್ಟಿದ್ದಂತೆ. ಮಗ ಬರುವುದು ತಿಂಗಳಿಗೊಮ್ಮೆ. ಏನು ಹೇಳೋದು ಹೇಳಿ. ಅವರ ಎದುರಿಗೆ ಎಸೆಯಲಿಲ್ಲ. ಒಂದು ಬಿಸ್ಕತ್ ಪೊಟ್ಟಣ ತಂದುಕೊಟ್ಟು, "ಇದನ್ನ ಇಟ್ಕೊಳ್ಳಿ ತಾತ, ಇದು ಕೆಡಲ್ಲ" ಅಂತ ಬದಲಾಯಿಸಿದೆ. ಹೊರಗಿನಿಂದ ಡಬ್ಬಿ ತರುವ ಮನೆಯವರಿಗೂ ನಾನು ಬೇಡ ಅನ್ನುತ್ತಿರಲಿಲ್ಲ. ಯಾವಾಗ ಮಾಡಿದ್ದು, ದಾರಿ ಎಷ್ಟು ಹೊತ್ತು ಅಂತ ಕೇಳುತ್ತಿದ್ದೆ. ಬಂದ ತಕ್ಷಣ ಕೂತು ಜೊತೆಯಲ್ಲೇ ತಿನ್ನಿಸಿ, ಉಳಿದಿದ್ದನ್ನು ವಾಪಸ್ ತಗೊಂಡು ಹೋಗಿ ಅನ್ನುತ್ತಿದ್ದೆ. ಕೆಲವರಿಗೆ ಬೇಜಾರಾಗುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು. ಎಲ್ಲವನ್ನೂ ಬೇಡ ಬೇಡ ಅನ್ನುವ ಅಡುಗೆಮನೆಯೂ ಅಪಾಯವೇ. ಒಬ್ಬ ತಾತನಿಗೆ ಹಳದಿ ಸೋರುವ ಅರ್ಧ ಬೆಂದ ಮೊಟ್ಟೆ ಬೇಕು. ಐವತ್ತು ವರ್ಷದ ಅಭ್ಯಾಸ. ಚಿಪ್ಪು ಎಷ್ಟೇ ಚೆನ್ನಾಗಿದ್ದರೂ ಮೊಟ್ಟೆಯ ಒಳಗೇ ಸಾಲ್ಮೊನೆಲ್ಲಾ ಇರಬಹುದು, ಹಾಗಾಗಿ ಗಟ್ಟಿ ಬೇಯಿಸಿ ಕೊಟ್ಟೆವು. ಅವರು ಬೆಳಗಿನ ತಿಂಡಿಯನ್ನೇ ಬಿಟ್ಟರು. ಎರಡು ತಿಂಗಳಲ್ಲಿ ತೂಕ ಇಳಿಯಿತು. ಊಟ ಬಿಟ್ಟ ಮುದುಕರಿಗೆ ಬರುವ ನಿಶ್ಶಕ್ತಿ, ಬೀಳೋದು, ಹುಣ್ಣು ವಾಸಿಯಾಗದಿರೋದು, ಇವೂ ಸಾಲ್ಮೊನೆಲ್ಲಾಗಿಂತ ಕಡಿಮೆ ಏನಲ್ಲ. ಕೊನೆಗೆ ಪಾಶ್ಚರೀಕರಿಸಿದ ಮೊಟ್ಟೆ, ಅಂದರೆ ಬೇಯದ ಹಾಗೆ ಹದವಾಗಿ ಬಿಸಿ ಮಾಡಿ ಕ್ರಿಮಿ ಕೊಂದ ಮೊಟ್ಟೆ ಸಿಗುತ್ತೆ ಅಂತ ಗೊತ್ತಾಗಿ ತರಿಸಿದೆವು, ಸ್ವಲ್ಪ ದುಬಾರಿ. ಅವರೊಬ್ಬರಿಗೆ ಮಾತ್ರ. ಮೊದಲ ದಿನ ಬ್ರೆಡ್ಡನ್ನು ಹಳದಿಯಲ್ಲಿ ಅದ್ದಿ ತಿಂದು ತಟ್ಟೆಯನ್ನೂ ಬೆರಳಲ್ಲಿ ಒರೆಸಿದರು.

ಜಾಗ ನೋಡೋಕೆ ಹೋಗುವವರು ಏನು ನೋಡಬೇಕು ಅಂತ ಪರಿಚಯದವರು ಕೇಳುತ್ತಿರುತ್ತಾರೆ. ಬೆಳಿಗ್ಗೆ 11ಕ್ಕೆ ಅಪಾಯಿಂಟ್‌ಮೆಂಟ್ ತಗೊಂಡು ಹೋಗಬೇಡಿ ಅನ್ನುತ್ತೇನೆ. ರಾತ್ರಿ ಊಟದ ಹೊತ್ತಿಗೆ ಹೋಗಿ. ಊಟದ ಟ್ರಾಲಿಯ ಹಿಂದೆ ನಡೆಯಿರಿ, ಕೊನೆಯ ಕೋಣೆಯವರೆಗೆ. ಅಡುಗೆಮನೆ ಬಾಗಿಲಲ್ಲಿ ಹೊಗೆಯಾಡುತ್ತಿದ್ದ ಊಟ ಕೊನೆಯ ಮಂಚ ತಲುಪುವಾಗ ಹೇಗಿದೆ ನೋಡಿ. ನಮ್ಮಲ್ಲಿ ಒಮ್ಮೆ ಅಳತೆ ಮಾಡಿದಾಗ ಹೊರಟದ್ದು 72, ತಲುಪಿದ್ದು 47. ಕೊನೆಯ ಕೋಣೆಗಳಲ್ಲಿ ಇದ್ದವರೇ ಎಲ್ಲರಿಗಿಂತ ಹಾಸಿಗೆ ಹಿಡಿದವರು, ತಿನ್ನಿಸೋಕೆ ಅರ್ಧ ಗಂಟೆ ಬೇಕಾದವರು. ಟ್ರಾಲಿಯನ್ನು ಎರಡು ಮಾಡಿ, ಒಂದನ್ನು ಆ ಕಡೆಯಿಂದ ಶುರು ಮಾಡಿದೆವು. ಖರ್ಚೇನೂ ಆಗಲಿಲ್ಲ. ಆಮೇಲೆ ಪಾತ್ರೆ ತೊಳೆಯುವವರ ಹತ್ತಿರ ಎರಡು ನಿಮಿಷ ಮಾತಾಡಿ, ಹುಷಾರಿಲ್ಲದಿದ್ದರೆ ರಜೆ ಕೊಡ್ತಾರಾ, ಸಂಬಳ ಕಟ್ ಆಗುತ್ತಾ ಅಂತ ಕೇಳಿ. ಮ್ಯಾನೇಜರ್ ಹೇಳುವುದಕ್ಕಿಂತ ಅಲ್ಲಿ ಜಾಸ್ತಿ ಗೊತ್ತಾಗುತ್ತೆ. ಊಟದ ಹೊತ್ತಿಗೆ ಮಲಗಿದ್ದವರ ಊಟ ಎಲ್ಲಿಡ್ತೀರಿ ಅಂತಲೂ ಕೇಳಿ. ಉತ್ತರ ಹುಡುಕೋಕೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

ನಮ್ಮಲ್ಲಿ ಆ ಅಜ್ಜಿಯ ಘಟನೆ ಆದ ಮೇಲೆ ಕೋಣೆಯಲ್ಲಿ ತಟ್ಟೆ ಎತ್ತಿಡುವುದು ನಿಂತಿತು. ಮಲಗಿದ್ದವರ ಪಾಲನ್ನು ಟ್ರಾಲಿ ವಾಪಸ್ ಬಂದ ಕೂಡಲೇ ಚಪ್ಪಟೆ ಡಬ್ಬಿಗೆ ಹಾಕಿ, ಫ್ರಿಜ್‌ಗೆ ಇಟ್ಟು, ಎದ್ದಾಗ ಒಂದೇ ಒಂದು ಸಲ ಚೆನ್ನಾಗಿ ಬಿಸಿ ಮಾಡಿ ಕೊಡೋದು. ಉಳಿದರೆ ಚೆಲ್ಲೋದು. ಡಬ್ಬಿ ಮೇಲೆ ಬಿಳಿ ಟೇಪ್, ಟೇಪ್ ಮೇಲೆ ಹೆಸರು, ಹೊತ್ತು. ಮೊದಲ ದಿನ ಆ ಹುಡುಗಿಯೇ ಮಾರ್ಕರ್ ಹಿಡಿದು ನಿಂತಿದ್ದಳು.

"ಮೇಡಂ, ಬಡಿಸಿದ್ದು 12.30, ಫ್ರಿಜ್‌ಗೆ ಇಟ್ಟಿದ್ದು 1.10. ಯಾವ ಟೈಮ್ ಬರೀಲಿ?"

"ಎರಡೂ ಬರಿ" ಅಂದೆ.